ಒಳಗಿನಿಂದ ತೆರೆಯದ ಬೀಗ

ನನ್ನ ತಮ್ಮನ ಕೈಚಳಕವನ್ನು ಬೀದಿಯವರೆಲ್ಲ ಬಾಯಿ ತುಂಬಾ ಹೊಗಳುತ್ತಾರೆ. ಹೊಗಳಲಿ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಅರ ಹಿಡಿದು ಕೂತರೆ ಅವನಿಗೆ ಊಟದ ನೆನಪೂ ಇರುವುದಿಲ್ಲ. ಬೇರೆ ಅಂಗಡಿಯವರು ತಮ್ಮಿಂದಾಗದ ಕೀಲಿಕೈಗಳನ್ನು ಚೀಟಿ ಸುತ್ತಿ ಅವನಿಗೇ ಕಳಿಸುತ್ತಾರೆ. ಆದರೆ ತನ್ನ ಮನೆ ಬಾಗಿಲಿಗೆ ಅವನೇ ಮಾಡಿ ಕೂರಿಸಿದ ಬೀಗವಿದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಎದುರು ಮನೆಯವಳು ನಾನು, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಒಂದು ದಿನ ಅವನ ಹೆಂಡತಿ ಮೆಟ್ಟಿಲ ಮೇಲೆ ನಿಂತು, ಕೆಳಮನೆಯ ರೇಡಿಯೋ ರಿಪೇರಿಯವನ ಯಾವುದೋ ಮಾತಿಗೆ ನಕ್ಕಳು. ಆಗ ಇದ್ದದ್ದು ಬರೀ ನಗು, ಆಣೆ ಮಾಡಿ ಹೇಳುತ್ತೇನೆ. ಇವನ ಹೊಟ್ಟೆಗೆ ಮಾತ್ರ ಕಿಚ್ಚು ಬಿತ್ತು. ವಾರವಿಡೀ ಕೂತು ಆ ಬೀಗ ಮಾಡಿದ. ಒಳಬದಿಗೆ ಹಿಡಿಯೂ ಇಲ್ಲ, ತೂತೂ ಇಲ್ಲ. ಬೆಳಿಗ್ಗೆ ಇವನು ಹಾಕಿಕೊಂಡು ಹೋದರೆ ಸಂಜೆ ಇವನೇ ಬಂದು ತೆಗೆಯಬೇಕು.

"ರೀ, ಒಳಗೂ ಒಂದು ಹಿಡಿ ಹಾಕಿ, ನನಗೂ ಒಂದು ಕೀ ಮಾಡಿಕೊಡಿ," ಎಂದು ಅವಳು ನನ್ನೆದುರೇ ಕೇಳಿದಳು.

"ಮನೇಲೇ ಇರೋಳಿಗೆ ಕೀ ಯಾಕೆ?"

ನಾನು ಬಾಯಿಗೆ ಬಂದಂತೆ ಬೈದೆ. "ಅಕ್ಕಾ, ನೀನು ನಡುವೆ ಬರಬೇಡ," ಅಂದ. ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ರೇಡಿಯೋದವನು ಕಿಟಕಿಯ ಬಳಿ ನಿಲ್ಲತೊಡಗಿದ್ದು ಆಮೇಲೆ. ಮೊದಲು, "ಅಂಗಡಿಯಿಂದ ಏನಾದ್ರೂ ತರಬೇಕಾ?" ಎಂದು ಕೇಳಲು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲು ಆಗದ ಹಾಗಾಯಿತು. ಒಂದು ಬೆಳಿಗ್ಗೆ ಇವನು ಸ್ನಾನಕ್ಕೆ ಹೋದಾಗ ಅವಳು ಕೀಲಿಕೈಯನ್ನು ಬಟ್ಟೆ ಸೋಪಿನ ಮೇಲೆ ಒತ್ತಿ ಅಚ್ಚು ತೆಗೆದು, ಆ ಸೋಪನ್ನು ಕಿಟಕಿಯ ಸರಳಿನ ನಡುವಿನಿಂದ ಅವನಿಗೆ ದಾಟಿಸಿದಳು.

ಆ ಪುಣ್ಯಾತ್ಮ ಭಾರಿ ಜಾಣನಂತೆ ನಾಲ್ಕು ಬೀದಿ ಆಚೆಯ ಅಂಗಡಿಗೆ ಹೋದ. ಅಲ್ಲಿಯವನು ಅಚ್ಚು ನೋಡಿ ತಲೆ ಕೆರೆದುಕೊಂಡು, "ನಾಡಿದ್ದು ಬನ್ನಿ," ಎಂದು ಕಳಿಸಿ, ಸೋಪಿಗೆ ಚೀಟಿ ಸುತ್ತಿದ. ಅದು ಬಂದದ್ದು ಯಾರ ಕೈಗೆ? ಇನ್ಯಾರ ಕೈಗೆ!

ತಮ್ಮ ಚೀಟಿ ಬಿಚ್ಚಿದರೆ ತನ್ನದೇ ಮನೆಯ ಸೋಪು, ತನ್ನದೇ ಬೀಗದ ಕೀಲಿಕೈಯ ಹಲ್ಲುಗಳು. ಆಮೇಲೆ ಅವನೇ ನನಗೆ ಹೇಳಿದ. ಕೂಗಾಡಲಿಲ್ಲವಂತೆ. ಹಲ್ಲು ಕಚ್ಚಿಕೊಂಡು ಕೀಲಿಕೈ ಮಾಡಿದನಂತೆ. ಬೀಗದೊಳಗೆ ಹೋಗಿ ಮುರಿಯಲಿ ಎಂದು ಅದರ ಕುತ್ತಿಗೆಯನ್ನು ಬೇಕೆಂದೇ ಅರದಿಂದ ಸವೆಸಿದನಂತೆ. ಹತ್ತು ಜನರ ಮುಂದೆ ರೇಡಿಯೋದವನ ಮಾನ ಹೋಗಬೇಕಿತ್ತು ಇವನಿಗೆ.

ಅದು ಆ ಅಂಗಡಿಯ ಮೂಲಕ ರೇಡಿಯೋದವನ ಕೈಸೇರಿ, ಒಂದು ನಡುಮಧ್ಯಾಹ್ನ ಬೀಗದೊಳಗೆ ಮುರಿಯಿತು. ಅರ್ಧ ಕೀಲಿಕೈ ಹಿಡಿದು ರೇಡಿಯೋದವನು ಪೆಚ್ಚಾಗಿ ನಿಂತ. ಒಳಗಿನಿಂದ ಅವಳು ಬಾಗಿಲು ಬಡಿಯತೊಡಗಿದಳು. ಅಕ್ಕಪಕ್ಕದವರೆಲ್ಲ ಸೇರಿದರು, ಯಾರೋ ಬೀಗದವನನ್ನು ಕರೆಯಲು ಓಡಿದರು. ತಮ್ಮ ನಗುತ್ತಲೇ ಮೆಟ್ಟಿಲು ಹತ್ತಿ ಬಂದ.

"ನೋಡ್ರಪ್ಪಾ, ಕಳ್ಳ ಸಿಕ್ಕಿಬಿದ್ದ!"

ಮೇಲ್ಮನೆಯ ಟೀಚರಮ್ಮ ಅವನ ಮಾತಿಗೆ ಕಿವಿಗೊಡದೆ ಬಾಗಿಲಿಗೆ ಬಾಯಿಟ್ಟು, "ಒಳಗಿಂದ ತೆಗಿಯಮ್ಮಾ," ಎಂದರು.

"ಒಳಗೆ ಹಿಡೀನೇ ಇಲ್ಲ ಟೀಚರ್. ಎಂಟು ತಿಂಗಳಿಂದ ಇಲ್ಲ."

ಎಲ್ಲರ ಕಣ್ಣೂ ರೇಡಿಯೋದವನನ್ನು ಬಿಟ್ಟು ನನ್ನ ತಮ್ಮನ ಮೇಲೆ ಬಿದ್ದವು. ಅವನ ನಗು ಇಂಗಿತು. ಕುಕ್ಕರುಗಾಲಲ್ಲಿ ಕೂತು ತಂತಿ ಹಾಕಿ ಕೆದಕಿದ, ಇಕ್ಕಳ ಹಾಕಿ ಎಳೆದ. ಅರ್ಧ ಗಂಟೆಯಾದರೂ ಮುರಿದ ತುಂಡು ಬರಲಿಲ್ಲ. ನಾನು ಮನೆಯೊಳಗೆ ಹೋಗಿ ಕಬ್ಬಿಣದ ಸಲಾಕೆ ತಂದೆ. ಅದನ್ನು ಕೊಟ್ಟದ್ದು ತಮ್ಮನ ಕೈಗಲ್ಲ, ರೇಡಿಯೋದವನ ಕೈಗೆ. ಅವನು ಬೀಗವನ್ನೇ ಮೀಟಿ ಕಿತ್ತ.

ಅವಳು ಚಪ್ಪಲಿ ಮೆಟ್ಟಿಕೊಂಡು, ಚೀಲ ಹಿಡಿದು ಹೊರಗೆ ಬಂದಳು. "ಬರ್ತೀನಿ ಅತ್ತಿಗೆ," ಎಂದಷ್ಟೇ ಹೇಳಿ ಅವನೊಂದಿಗೆ ಇಳಿದು ಹೋದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಮೊನ್ನೆ ತಮ್ಮ ಬಂದು ನನ್ನ ಅಡುಗೆಮನೆ ಕಟ್ಟೆಯ ಮೇಲೆ ಹೊಳೆಯುವ ಹೊಸ ಕೀಲಿಕೈ ಇಟ್ಟ. "ಅಕ್ಕಾ, ಅವಳೇನಾದ್ರೂ ಬಂದ್ರೆ ಕೊಡು. ಹೊಸ ಬೀಗಕ್ಕೆ ಒಳಗೂ ಹಿಡಿ ಹಾಕಿದೀನಿ."

ನನಗೆ ಎಲ್ಲಿತ್ತೋ ಆ ಸಿಟ್ಟು. "ಈ ಕೀ ಮಾಡೋಕೆ ಎಷ್ಟು ಹೊತ್ತು ಹಿಡೀತೋ ನಿನಗೆ?"

ಅವನು ತಲೆ ಎತ್ತಲಿಲ್ಲ. "ಹತ್ತು ನಿಮಿಷ ಅಕ್ಕಾ," ಎಂದ.