ಲೈನ್ ಅಂದರೆ ಯಾವ ಲೈನ್?

ಒಂದೇ ಒಂದು ಪದಕ್ಕೆ ಮಗಳನ್ನು ಕಳೆದುಕೊಂಡವರನ್ನು ನೋಡಿದ್ದೀರಾ? ನಮ್ಮಣ್ಣ ಹಾಗೆ ಹೇಳಿಕೊಂಡೇ ಎಷ್ಟೋ ಮದುವೆಮನೆಗಳಲ್ಲಿ ಊಟ ಮಾಡಿದ್ದಾನೆ.

ಹದಿನೈದು ವರ್ಷದ ಹಿಂದಿನ ಮಾತು. ಅಣ್ಣ ಸಕಲೇಶಪುರದಾಚೆ ದೋಣಿಗಲ್ ಬಳಿಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಅತ್ತಿಗೆ ಡೈವೋರ್ಸ್ ಕೇಳಿ ಆಲೂರಿನ ತವರಿಗೆ ಹೋಗಿದ್ದರು. ಏಳು ವರ್ಷದ ಮಗಳು ಸುಮ ಯಾರ ಹತ್ತಿರ ಇರಬೇಕು ಎಂಬುದಷ್ಟೇ ಬಾಕಿ. ಹಾಸನದ ಕೋರ್ಟಿನಲ್ಲಿ ಜಡ್ಜ್ ಮಗುವನ್ನು ಚೇಂಬರಿಗೆ ಕರೆದು, 'ಅಪ್ಪನ ಹತ್ತಿರ ಹೋದಾಗ ಎಲ್ಲಿ ಆಡ್ತೀಯಮ್ಮ?' ಎಂದರಂತೆ. 'ಲೈನ್ ಹತ್ರ' ಎಂದಳಂತೆ ಸುಮ.

ನಮಗೆ ಲೈನ್ ಅಂದರೆ ಎಸ್ಟೇಟ್ ಆಳುಗಳ ಸಾಲುಮನೆ. ಬಯಲುಸೀಮೆಯ ಜಡ್ಜಿಗೆ? ರೈಲ್ವೆ ಲೈನ್! (ದೋಣಿಗಲ್ಲಿನಲ್ಲಿ ಅದೂ ಇದೆಯಲ್ಲ.) ಹೊರಗೆ ಬಂದು, 'ರೈಲು ಓಡಾಡುವ ಜಾಗದಲ್ಲಿ ಮಗು ಆಡುವುದೇ?' ಎಂದರು. ಸುಮ ಅಮ್ಮನಿಗೆ. ಅಪ್ಪನಿಗೆ ಭಾನುವಾರ ಮಾತ್ರ.

'ಆಳಿನ ಲೈನ್ ಸ್ವಾಮಿ, ರೈಲಿಂದಲ್ಲ ಅಂತ ಕೂಗ್ದೆ ಕಣ್ರೀ. ನಮ್ ಲಾಯರ್ರೇ ಪ್ಯಾಂಟ್ ಹಿಡ್ದು ಎಳ್ದು ಕೂರಿಸ್ಬುಟ್ಟ!' ಎಂದು ಅಣ್ಣ ಹೇಳುವಾಗ ಊಟದ ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ತೀರ್ಪಿನಲ್ಲಿ ಬೇರೆ ಕಾರಣಗಳೂ ಇದ್ದವು. ಮಗುವಿನ ವಯಸ್ಸು, ಸ್ಕೂಲು. ಅವು ಯಾರಿಗೆ ನೆನಪಿವೆ?

ನನ್ನ ನೆನಪೂ ಅಷ್ಟೇ. ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತ ಅಣ್ಣ, ಕಿಟಕಿ ಸೀಟಿಗೆ ಓಡುವ ಸುಮ, ಎಳೆ ಬಿಸಿಲು. ಎಲ್ಲ ಭಾನುವಾರವೂ ಬಿಸಿಲಿತ್ತೇ, ಸಕಲೇಶಪುರದ ದಾರಿಯಲ್ಲಿ? ನಂಬಬೇಡಿ.

ಹೋದ ವಾರ ಕುಂದೂರಿನಲ್ಲೊಂದು ಮದುವೆ. 'ಏನ್ ರೈಟರಣ್ಣ, ಇವತ್ತು ಜಡ್ಜ್ ಕಥೆ ಇಲ್ವಾ?' ಎಂದು ಎದುರು ಸಾಲಿನಿಂದ ಒಬ್ಬರು ಕೆಣಕಿದರು.

'ಪಾಯಸ ಆರೋಗ್ತೈತೆ, ಉಣ್ಣೋ ಮಾರಾಯ' ಎಂದು ಅಣ್ಣ ತಲೆ ತಗ್ಗಿಸಿದ.

ನನ್ನ ಪಕ್ಕದಲ್ಲಿ ಸುಮ ಇದ್ದಳು. ಈಗ ಕಾಲೇಜು ಮುಗಿಸಿದ ಹುಡುಗಿ. ಏನಾಯ್ತೆಂದು ಮೆಲ್ಲಗೆ ಕೇಳಿದೆ.

'ಅಪ್ಪಂಗೆ ನಾನೇ ನಿಜ ಹೇಳ್ಬುಟ್ಟೆ ಚಿಕ್ಕಪ್ಪ. ಅವತ್ತು ಜಡ್ಜು, ಅಲ್ಲಿ ರೈಲು ಬರಲ್ವಾ ಅಂದ್ರು. ತಪ್ಪು ತಿಳ್ಕೊಂಡಿದ್ದಾರೆ ಅಂತ ಗೊತ್ತಾಯ್ತು. ಬರ್ತೈತೆ ಅಂದೆ.'

'ಯಾಕೆ?'

'ಅಮ್ಮನ ಹತ್ರ ಇರ್ಬೇಕಿತ್ತು. ಅಪ್ಪ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.'

'ಅಣ್ಣ ಏನಂದ?'

'ಭಾನುವಾರ ಬರ್ತೀಯಲ್ಲ ಅಂದ್ರು, ಅಷ್ಟೇ. ನೀವು ಪೇಪರಿಗೆ ಬರೀತೀರಲ್ಲ, ಇದನ್ನೂ ಬರೀರಿ ಚಿಕ್ಕಪ್ಪ. ಅಪ್ಪ ಬೇಡ ಅಂತಲ್ಲ, ಅಂತಾನೂ ಬರೀರಿ.'

ಬರೆದಿದ್ದೇನೆ. ಅಮ್ಮ ಬೇಕು ಎನ್ನಲು ಆ ಮಗು ರೈಲನ್ನೇ ಕರೆಸಬೇಕಾಯಿತು. ಅಪ್ಪನೋ ಅಮ್ಮನೋ ಎಂದು ಕೇಳುವ ನಮಗೆ ಬೇರೆ ಪ್ರಶ್ನೆಯೇ ಗೊತ್ತಿಲ್ಲವೇ?