ಕೊಂಬಿನ ಕಡ್ಡಿಯ ಪಾಲಾಕ್ಷ

ಬೆಳಗಿನ ಐದೂವರೆ. ಚಳ್ಳಕೆರೆ-ಬಳ್ಳಾರಿ ನಡುವಿನ ದೇವಸಮುದ್ರ ಗ್ರಾಮದ ಅಂಚಿನ ಕೇರಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಹಿತ್ತಿಲ ಮೂಲೆಯಲ್ಲಿ ಶೇಂಗಾ ಸಿಪ್ಪೆಯ ಬೆಂಕಿ ಮಾಡಿಕೊಂಡು, ಪಾಲಾಕ್ಷ ಕೋಣದ ಕೊಂಬಿನ ಸೀಳೊಂದನ್ನು ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಿದ್ದಾರೆ. ಬಿಸಿ ತಾಗಿದ ಕೊಂಬು ಮೆತ್ತಗಾಗುತ್ತದೆ. ಆಗ ಅದನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿದರೆ, ಬಾಗಿದ್ದು ನೆಟ್ಟಗಾಗುತ್ತದೆ. ಕೂದಲು ಸುಟ್ಟಂಥ ವಾಸನೆ ಏಳುತ್ತದೆ. ಅವರ ಕೆಲಸದ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದ ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದಿದೆ. ಪಾಲಾಕ್ಷ ನೋಡುತ್ತಾರೆ. ನಾನು ತಲೆ ತಗ್ಗಿಸಿ ಕರ್ಚೀಫನ್ನು ಮತ್ತೆ ಜೇಬಿಗೆ ತುರುಕುತ್ತೇನೆ.

“ಅದಕ್ಕೇ ಸ್ವಾಮಿ ಇಷ್ಟೊತ್ತಿಗೆ ಎದ್ದು ಮಾಡದು. ಜನ ಏಳೋದ್ರೊಳಗೆ ಬೆಂಕಿ ಆರಿಸ್ಬಿಡ್ಬೇಕು,” ಎನ್ನುತ್ತಾರೆ.

ಒಳಗಿನಿಂದ ಟೀ ತಂದ ಹೆಂಡತಿ ಚಿಕ್ಕಕ್ಕ ಮಾತು ಸೇರಿಸುತ್ತಾರೆ. “ಪಕ್ಕದ ಮನೇರು ತೆಲುಗು ಮಾತಾಡೋರು. ಕಂಪು, ಕಂಪು ಅಂತ ಬೈತಾರೆ. ಅವ್ರ ಮಾತ್ನಾಗೆ ಕಂಪು ಅಂದ್ರೆ ಗಬ್ಬು ವಾಸ್ನೆ. ನಮ್ಮ ಮಾತ್ನಾಗೆ ಮಲ್ಲಿಗೆ ವಾಸ್ನೆ. ನಾನು ಕನ್ನಡದಾಗೇ ಕೇಳಿಸ್ಕಂತೀನಿ.”

ಪಾಲಾಕ್ಷ ಮಾಡುತ್ತಿರುವುದು ಒಂದು ವಾದ್ಯದ ಕಡ್ಡಿ. ಅರಬ್ ನಾಡುಗಳಲ್ಲಿ ಊದ್ ಎಂಬ ತಂತಿವಾದ್ಯವಿದೆ. ಸೀಳಿದ ಸೋರೆಕಾಯಿಯಂಥ ಹೊಟ್ಟೆ, ಮೋಟು ಕತ್ತು, ಹನ್ನೊಂದು ತಂತಿ. ಅದನ್ನು ಬೆರಳಿನಿಂದಲ್ಲ, ಅರ್ಧ ಗೇಣು ಉದ್ದದ ತೆಳ್ಳನೆಯ ಕಡ್ಡಿಯೊಂದನ್ನು ಮುಷ್ಟಿಯಲ್ಲಿ ಹಿಡಿದು ಮೀಟುತ್ತಾರೆ. ಹಿಂದೆ ಹದ್ದಿನ ಗರಿಯ ದಂಟು ಬಳಸುತ್ತಿದ್ದರಂತೆ, ಹಾಗಾಗಿ ಅಲ್ಲಿಯವರು ಅದನ್ನು ‘ರೀಶಾ’, ಅಂದರೆ ಗರಿ ಎಂದೇ ಕರೆಯುತ್ತಾರೆ. ಪಾಲಾಕ್ಷ ಮಾತ್ರ ಕಡ್ಡಿ ಎನ್ನುತ್ತಾರೆ. “ಮೊದ್ಲು ಹೆಸ್ರು ಕೇಳ್ದಾಗ ಊದೋ ವಾದ್ಯ ಅಂತ್ಲೇ ತಿಳ್ಕಂಡಿದ್ದೆ. ಊದೋದಕ್ಕೆ ಕಡ್ಡಿ ಯಾಕೆ ಅಂತ ನಗ್ತಿದ್ದೆ.”

ಅವರಿಗೀಗ ಐವತ್ತಾರು. ಹದಿನಾಲ್ಕನೆಯ ವಯಸ್ಸಿಗೆ ಚಳ್ಳಕೆರೆಯ ಬಾಚಣಿಗೆ ಕಾರ್ಖಾನೆಯೊಂದಕ್ಕೆ ಸೇರಿದರು. ಕೊಂಬು ಸೀಳುವುದು, ಕಾಯಿಸಿ ಒತ್ತುವುದು, ಗರಗಸದಲ್ಲಿ ಹಲ್ಲು ತೆಗೆಯುವುದು, ಬೂದಿ-ಎಣ್ಣೆ ಹಾಕಿ ಹೊಳಪು ಕೊಡುವುದು. ಇಪ್ಪತ್ತೆರಡು ವರ್ಷ ಇದೇ ಕೆಲಸ. ಪ್ಲಾಸ್ಟಿಕ್ ಬಾಚಣಿಗೆ ಬಂದು ಕಾರ್ಖಾನೆ ಮುಚ್ಚಿತು. ಆಮೇಲೆ ಶೇಂಗಾ ಕೀಳುವುದು, ಜಲ್ಲಿ ಹೊರುವುದು. ರೇಷನ್ ಕಾರ್ಡಿನಲ್ಲಿ ಇವತ್ತಿಗೂ ಅವರ ಕಸುಬು ‘ಕೂಲಿ’.

ಕೊಂಬಿನ ಕೆಲಸದ ಬಗ್ಗೆ ಅವರು ಹೊರಗೆ ಎಂದೂ ಬಾಯಿ ಬಿಟ್ಟವರಲ್ಲ. “ಸತ್ತ ದನದ್ದು, ಎಮ್ಮೇದು ಮುಟ್ಟೋರು ಅಂತ ನಮ್ಮನ್ನ ಎಷ್ಟು ತಲೆಮಾರು ದೂರ ಇಟ್ಟಿದ್ರು ಅಂತ ನಿಮಗೂ ಗೊತ್ತೈತೆ. ಓಟ್ಲಾಗೆ ಬ್ಯಾರೆ ಲೋಟ ಇಡ್ತಿದ್ರು. ಅದು ಹೋಯ್ತು ಅನ್ನೋವಾಗ ಮತ್ತೆ ಕೊಂಬು ಹಿಡ್ಕಂಡು ಕುಂತೀನಿ ಅಂತ ಯಾವ ಬಾಯಾಗೆ ಹೇಳ್ಲಿ?”

ಮತ್ತೆ ಕೊಂಬು ಹಿಡಿಯುವಂತೆ ಮಾಡಿದವರು ಬಳ್ಳಾರಿಯ ಮಂಗಳಗೌರಿ. ಹನ್ನೊಂದು ವರ್ಷ ಮಸ್ಕತ್‌ನಲ್ಲಿ ನರ್ಸ್ ಆಗಿದ್ದು, ಅಲ್ಲಿ ಊದ್ ಕಲಿತು ಬಂದವರು. ಈಗ ತಮ್ಮ ಮನೆಯಲ್ಲೇ ಎಂಟು ಹತ್ತು ಜನಕ್ಕೆ ಹೇಳಿಕೊಡುತ್ತಾರೆ. ತಂದಿದ್ದ ಕಡ್ಡಿಗಳು ಮುರಿದಾಗ, ಒಂದು ಕಾಲಕ್ಕೆ ಅದೇ ಕಾರ್ಖಾನೆಯಲ್ಲಿದ್ದ ಹಾರ್ಮೋನಿಯಂ ರಿಪೇರಿಯವರೊಬ್ಬರು ತಮ್ಮ ಜೇಬಿನಲ್ಲಿದ್ದ ಹಳೆಯ ಕೊಂಬಿನ ಬಾಚಣಿಗೆ ತೋರಿಸಿ, ಇದನ್ನು ಮಾಡಿದವನು ದೇವಸಮುದ್ರದಲ್ಲಿದ್ದಾನೆ ಎಂದರಂತೆ. ಮುರಿದ ಕಡ್ಡಿಯೊಂದು ರಾಂಪುರದ ಬಸ್ಸಿನಲ್ಲಿ ಬಂತು. ಪಾಲಾಕ್ಷ ಅದನ್ನು ನೋಡಿ ಆರು ಮಾಡಿ ಕಳಿಸಿದರು. ಎರಡು ವರ್ಷ ಹೀಗೇ ನಡೆಯಿತು. ಕಡ್ಡಿ ಬಸ್ಸಿನಲ್ಲಿ, ಮಾತು ಫೋನಿನಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮುಂದಿನದನ್ನು ಹೇಳುವಾಗ ಪಾಲಾಕ್ಷ ಕಡ್ಡಿಯ ತುದಿ ಉಜ್ಜುತ್ತಿದ್ದ ಅರವನ್ನು ಕೆಳಗಿಡುತ್ತಾರೆ. ನನ್ನ ಕಡೆ ನೋಡದೆ, ಬೆಂಕಿಯನ್ನೇ ನೋಡುತ್ತಾ ಹೇಳುತ್ತಾರೆ.

ಹೋದ ವರ್ಷದ ಕಾರ್ತಿಕ. ಮಗಳು ಸರಿತಾಳ ಒಪ್ಪಿಗೆ ಮಾತಿಗೆ ಚಳ್ಳಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸದಲ್ಲಿದ್ದ. ಹುಡುಗನ ತಂದೆ ಹನುಮಂತರಾಜು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ತಮ್ಮದೇ ಜನ, ಆದರೆ ಓದಿ ಮುಂದೆ ಬಂದ ಮನೆ. ಅವರಿಗೆ ಪಾಲಾಕ್ಷ ತಮ್ಮದು ಮರಗೆಲಸ ಎಂದು ಹೇಳಿದ್ದರು. ಕೊಂಬಿನ ಮೂಟೆ ಹಿಂದಿನ ದಿನವೇ ಹುಲ್ಲಿನ ಬಣವೆಯ ಕೆಳಗೆ ಹೋಗಿತ್ತು. ಚಾಪೆಯ ಮೇಲೆ ಎಲ್ಲರೂ ಕೂತು, ಎಲೆ ಅಡಿಕೆ ತಟ್ಟೆ ಮುಂದಿಟ್ಟ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಬೆನ್ನ ಮೇಲೆ ದೊಡ್ಡದೊಂದು ಕರಿ ಚೀಲ.

“ಕೊಂಬಿನ ಕಡ್ಡಿ ಮಾಡೋ ಪಾಲಾಕ್ಷಣ್ಣನ ಮನಿ ಇದೇ ಏನ್ರೀ?”

ಹನುಮಂತರಾಜು ತಿರುಗಿ ನೋಡಿದರು. ಪಾಲಾಕ್ಷ ಎದ್ದು ಬಾಗಿಲಿಗೆ ಹೋದರು.

“ಅಲ್ಲಮ್ಮ. ಅವನು ಬ್ಯಾರೆಯೋನು, ಊರು ಬಿಟ್ಟು ಬಾಳ ದಿನ ಆಯ್ತು.”

ಎರಡು ವರ್ಷ ಫೋನಿನಲ್ಲಿ ಕೇಳಿದ ದನಿ. ಮಂಗಳಗೌರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅವರು ಪಾಲಾಕ್ಷರ ಮುಖ ನೋಡಿದರು, ಒಳಗಿನ ಚಾಪೆ ನೋಡಿದರು. “ಹೌದಾ? ಸಿಕ್ರ ಹೇಳ್ರಿ, ಮಂಗಳಗೌರಿ ಊದ್ ತಂದಿದ್ಲು ಅಂತ,” ಎಂದು ಹೇಳಿ, ಬಂದ ದಾರಿಯಲ್ಲೇ ಬಿಸಿಲಿಗೆ ನಡೆದರು. ಒಳಕೋಣೆಯಲ್ಲಿ ಸರಿತಾ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

“ಕುಡಿಯಾಕೆ ನೀರು ಬೇಕಾ ಅಂತಾನೂ ಕೇಳ್ಲಿಲ್ಲ ಸ್ವಾಮಿ,” ಎನ್ನುತ್ತಾರೆ ಪಾಲಾಕ್ಷ. “ಬಳ್ಳಾರಿಯಿಂದ ಬಂದಿದ್ರು. ನನ್ನ ಬಾಯಿಂದ ನನ್ನ ಹೆಸರೇ ಬರ್ಲಿಲ್ಲ.”

ಸಂಬಂಧ ಕುದುರಿತು. ಆದರೆ ಪಾಲಾಕ್ಷರಿಗೆ ಮೂಟೆಯನ್ನು ಬಣವೆಯಿಂದ ಹೊರಗೆ ತೆಗೆಯಲು ಆಗಲಿಲ್ಲ. ಮಂಗಳಗೌರಿಯ ನಂಬರಿನಿಂದ ಎರಡು ಸಲ ಕರೆ ಬಂತು, ಎತ್ತಲಿಲ್ಲ. ಆಮೇಲೆ ಕರೆಯೂ ನಿಂತಿತು. ಮನೆಯಲ್ಲಿ ಯಾರೂ ಆ ದಿನದ ಸುದ್ದಿ ಎತ್ತುತ್ತಿರಲಿಲ್ಲ. “ಮಗಳ ಮುಂದೆ ಉಣ್ಣಾಕೆ ಕುಂತ್ರೆ ತುತ್ತು ಇಳೀತಿರ್ಲಿಲ್ಲ. ಅವಳೇನೂ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು.”

ಮದುವೆಗೆ ತಿಂಗಳಿರುವಾಗ ಒಬ್ಬರೇ ಚಳ್ಳಕೆರೆಯ ಬಸ್ಸು ಹತ್ತಿ ಬೀಗರ ಮನೆಗೆ ಹೋದರು. ಜಗಲಿಯ ಮೇಲೆ ಕೂತು, ತಾನು ಮರಗೆಲಸದವನಲ್ಲ, ಕೊಂಬಿನ ಕೆಲಸದವನು, ಆ ಹೆಂಗಸು ಹುಡುಕಿಕೊಂಡು ಬಂದಿದ್ದು ತನ್ನನ್ನೇ ಎಂದು ಹೇಳಿದರು. ಹನುಮಂತರಾಜು ಎಲೆ ಅಡಿಕೆ ತಟ್ಟೆಯನ್ನು ಅವರ ಕಡೆ ಸರಿಸಿದರು.

“ಗೊತ್ತಿತ್ತು ಬೀಗರೆ. ನಿಮ್ಮ ಹಿತ್ತಿಲಾಗೆ ಕೈ ತೊಳಿಯಾಕೆ ಹೋದಾಗ್ಲೇ ವಾಸ್ನೆ ಹೇಳ್ತು. ನಮ್ಮ ತಾತಂದಿರೂ ಅದ್ನೇ ಮುಟ್ಟಿದ್ದೋರು. ನಂಗೇನೂ ಬ್ಯಾಸ್ರ ಇಲ್ಲ. ಆದ್ರೆ ನಮ್ಮ ಕಡೆಯೋರ ಮುಂದೆ ಮಾತ್ರ ಎತ್ತಬ್ಯಾಡ್ರಿ. ಹುಡುಗನ ಜೊತೆ ಕೆಲಸ ಮಾಡೋರೆಲ್ಲ ಬರ್ತಾರೆ.”

ಪಾಲಾಕ್ಷ ಹೂಂ ಎಂದು ಮಾತು ಕೊಟ್ಟು ಬಂದರು. ನಿಜ ಹೇಳಿ ಹಗುರಾಗಲು ಹೋದವರು ಇನ್ನೊಂದು ಸುಳ್ಳನ್ನು ಹೊತ್ತು ತಂದರು. ಮದುವೆಯ ದಿನ ಛತ್ರದಲ್ಲಿ ಯಾರೋ ಕೇಳಿದಾಗ, “ಏನೋ ಕೂಲಿ,” ಎಂದರಂತೆ. ಮಂಗಳಗೌರಿಗೆ ಲಗ್ನಪತ್ರಿಕೆಯನ್ನೂ ಕಳಿಸಿರಲಿಲ್ಲ.

ಮಗಳನ್ನು ಕಳಿಸಿಕೊಟ್ಟ ವಾರಕ್ಕೆ, ಚಿಕ್ಕಕ್ಕನೇ ಫೋನನ್ನು ಗಂಡನ ಕೈಗೆ ಹಿಡಿಸಿ ಹೊರಗೆ ಹೋದರು. ಪಾಲಾಕ್ಷ ಕರೆ ಮಾಡಿದರು. ತಪ್ಪಾಯ್ತಮ್ಮ ಎಂದರು. ಆ ಕಡೆಯಿಂದ ಪರವಾಗಿಲ್ಲ ಎಂಬ ಮಾತು ಬರಲಿಲ್ಲ. “ನನಗ ಬಾಳ ನೋವಾಗಿತ್ತಣ್ಣ,” ಎಂದರು ಮಂಗಳಗೌರಿ. ಆಮೇಲೆ, “ಒಂದ್ಸಲ ಇಲ್ಲಿಗ ಬರ್ರಿ. ಇದ್ದ ಕಡ್ಡಿ ಎಲ್ಲಾ ತರ್ರಿ,” ಎಂದರು.

ಪಾಲಾಕ್ಷ ಐದು ಕಡ್ಡಿ ತೆಗೆದುಕೊಂಡು ಬಳ್ಳಾರಿಗೆ ಹೋದರು. ಊದ್‌ನ ನಾದವನ್ನು ಎದುರಿಗೆ ಕೂತು ಕೇಳಿದ್ದು ಅಂದೇ ಮೊದಲು. ಶಿಷ್ಯೆ ಪುಷ್ಪಲತಾ, ನಲವತ್ತು ದಾಟಿದ ಶಾಲಾ ಟೀಚರು, ವಾದ್ಯ ಹಿಡಿದು ಕೂತಿದ್ದರು. ಇವರಿಗೆ ಯಾವುದು ಸರಿ, ನೀವೇ ಆರಿಸಿ ಎಂದರು ಮಂಗಳಗೌರಿ. ಪಾಲಾಕ್ಷ ತಮ್ಮ ಕೈಯ ಅತ್ಯುತ್ತಮ ಕೆಲಸವನ್ನೇ ಕೊಟ್ಟರು. ಎಲ್ಲಕ್ಕಿಂತ ತೆಳು, ತುದಿ ಚೂಪು, ಕನ್ನಡಿಯಂಥ ಹೊಳಪು. ಪುಷ್ಪಲತಾ ಮೀಟಿದರು. ನಾದಕ್ಕಿಂತ ಮೊದಲು ತಂತಿಗೆ ಬಡಿದ ಟಿಕ್ ಟಿಕ್ ಸದ್ದು ಕೇಳಿಸಿತು. ದಪ್ಪ ತಂತಿಗೆ ಹೋದಾಗ ಕಡ್ಡಿ ಬಳುಕಿ ಜಾರಿತು.

ಮಂಗಳಗೌರಿ ಐದರಲ್ಲಿ ಕೊನೆಯದನ್ನು ಎತ್ತಿಕೊಟ್ಟರು. ಸ್ವಲ್ಪ ದಪ್ಪ, ತುದಿ ಮೊಂಡು, ಹೊಳಪು ಕೊಡದೆ ಬಿಟ್ಟಿದ್ದು. ತಂದಿದ್ದೇ ತಪ್ಪೆಂದು ಪಾಲಾಕ್ಷ ಪಕ್ಕಕ್ಕೆ ಸರಿಸಿದ್ದ ಕಡ್ಡಿ. ಅದೇ ಕೈ, ಅದೇ ತಂತಿ. ಈ ಸಲ ನಾದ ತುಂಬಿ ಬಂತು.

“ಹಂಗಾದ್ರೆ ಎರಡು ವರ್ಷದಿಂದ ನಾನು ಕಳ್ಸಿದ್ದು?”

“ನಾನೇ ಉಪ್ಪುಕಾಗದದಾಗ ತಿಕ್ಕಿ ತುದಿ ಮೊಂಡ ಮಾಡ್ಕೊಂತಿದ್ದೆ.”

“ಯಾಕಮ್ಮ ಹೇಳ್ಲಿಲ್ಲ?”

“ಫೋನಿನಾಗ ಹೇಳಿದ್ರ ತಿಳಿಯಂಗಿಲ್ಲ ಅಣ್ಣ, ಕಿವೀಲೇ ಕೇಳ್ಬೇಕು. ಹೇಳಾಕಂತಲೇ ಆವತ್ತು ಊದ್ ಹೊತ್ಕೊಂಡು ನಿಮ್ಮೂರಿಗೆ ಬಂದಿದ್ದೆ.”

ಇದನ್ನು ಹೇಳಿ ಪಾಲಾಕ್ಷ ಕಡ್ಡಿಗೆ ಎಣ್ಣೆ ತಿಕ್ಕತೊಡಗುತ್ತಾರೆ. ಬೆಂಕಿ ತಾನಾಗಿ ಆರುತ್ತಿದೆ.

ಅಂದು ಮಂಗಳಗೌರಿ ಹಳೆಯ ತಂತಿಗಳನ್ನು ಸುತ್ತಿ ಕೊಟ್ಟು ಕಳಿಸಿದರು. ಪಾಲಾಕ್ಷ ಅವನ್ನು ಹಲಗೆಯೊಂದಕ್ಕೆ ಮೊಳೆ ಹೊಡೆದು ಬಿಗಿದಿದ್ದಾರೆ. ಈಗ ಪ್ರತಿ ಕಡ್ಡಿಯೂ ಈ ಹಲಗೆಯ ಮೇಲೆ ಪಾಸಾಗಬೇಕು. ದಿನಕ್ಕೆ ಏಳೆಂಟು ಸೀಳಿದರೆ ನಾಲ್ಕು ಉಳಿಯುತ್ತವೆ. ಕೊಂಬಿನ ಎಳೆಗೆ ಅಡ್ಡವಾಗಿ ಕೊಯ್ದದ್ದು ವಾರದಲ್ಲಿ ಸೀಳುತ್ತದೆ, ಎಳೆಯ ಉದ್ದಕ್ಕೇ ಕೊಯ್ಯಬೇಕು. ಮಂಗಳಗೌರಿಯ ಪರಿಚಯದಿಂದ ಹೈದರಾಬಾದು, ಕೋಳಿಕೋಡಿನಿಂದಲೂ ಕರೆ ಬರುತ್ತವೆ. ಯಾರೇ ಕೇಳಿದರೂ ಪಾಲಾಕ್ಷ ಮೊದಲು ತಾವೇ ಪ್ರಶ್ನೆ ಕೇಳುತ್ತಾರೆ.

“ಹೊಸದಾಗಿ ಕಲಿಯೋರಾ, ಹಳಬರಾ? ಮಣಿಕಟ್ಟು ಗಟ್ಟಿ ಹಿಡೀತೀರಾ, ಸಡ್ಲ ಬಿಡ್ತೀರಾ? ಕೈ ಬೆವರ್ತೈತಾ? ಬೆವರೋ ಕೈಗೆ ಹೊಳಪು ಕೊಟ್ರೆ ಜಾರ್ತೈತೆ, ಹಿಡಿಯೋ ಕಡೆ ಒರಟು ಬಿಡ್ಬೇಕು. ಕಲಿಯೋರಿಗೆ ತೀರಾ ದಪ್ಪ ಕೊಟ್ರೆ ತೋಳು ನೋಯ್ತೈತೆ. ತೀರಾ ತೆಳು ಕೊಟ್ರೆ ದಪ್ಪ ತಂತಿ ಮಾತೇ ಆಡಲ್ಲ. ಕಣ್ಣಿಗೆ ಚೆಂದ ಕಾಣೋದು ಕೈಗೆ ಸರಿಯಾಗ್ಬೇಕು ಅಂತೇನಿಲ್ಲ. ನಾನು ಆಗ ಕಣ್ಣಿಗೆ ಮಾಡ್ತಿದ್ದೆ.”

ಬಿಸಿಲು ಹಿತ್ತಿಲಿಗೆ ಬಂದಿದೆ. ಹೊರಡುವ ಮೊದಲು ಕೇಳಲೇಬೇಕಾದದ್ದನ್ನು ಕೇಳುತ್ತೇನೆ. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಹೆಸರು ಹಾಕಬಹುದೇ? ಪಾಲಾಕ್ಷ ಫೋನು ತೆಗೆದು ಚಳ್ಳಕೆರೆಯಲ್ಲಿರುವ ಮಗಳಿಗೆ ಕರೆ ಮಾಡುತ್ತಾರೆ. ಕೈಯಲ್ಲಿ ಎಣ್ಣೆ ಇರುವುದರಿಂದ ಸ್ಪೀಕರ್ ಹಾಕಿ ನೆಲದ ಮೇಲಿಡುತ್ತಾರೆ.

“ಸರಿತಾ, ಪೇಪರ್‌ನೋರು ಬಂದೈದಾರೆ. ಕೆಲಸದ ಬಗ್ಗೆ ಬರೀತಾರಂತೆ. ನಿಮ್ಮ ಮಾವಂಗೆ ಮಾತು ಕೊಟ್ಟೀನಿ. ಹೆಸ್ರು ಬ್ಯಾಡ ಅಂತ ಹೇಳ್ಲಾ?”

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು.

“ಅಪ್ಪಾ, ಆವತ್ತು ಆಯಮ್ಮ ಬಾಗ್ಲಾಗೆ ನಿಂತಾಗ ನಾನೂ ಒಳಗೇ ನಿಂತಿದ್ನಲ್ಲ. ಇದೇ ಮನೆ ಅನ್ನಾಕೆ ನಂಗೂ ಬಾಯಿತ್ತು. ನಾನೂ ಸುಮ್ನಿದ್ದೆ. ಹೆಸ್ರು ಹಾಕಿಸು. ಈ ಮನೆಗೆ ಪೇಪರ್ ಬರ್ತೈತೆ, ಮಾವಂಗೆ ನಾನೇ ಓದಿ ಹೇಳ್ತೀನಿ.”

ಕರೆ ಮುಗಿಯುತ್ತದೆ. ಪಾಲಾಕ್ಷ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ, ನಾನು ಸರಿಯಾಗಿ ಬರೆದುಕೊಳ್ಳುತ್ತಿದ್ದೇನೆಯೇ ಎಂದು ನನ್ನ ಪುಸ್ತಕದ ಕಡೆ ಬಗ್ಗಿ ನೋಡುತ್ತಾ ನಿಧಾನವಾಗಿ ಹೇಳುತ್ತಾರೆ.

“ಪಾಲಾಕ್ಷ ಅಂತ ಬರೀರಿ. ಕೊಂಬಿನ ಕೆಲಸ ಅಂತ ಬರೀರಿ. ದೇವಸಮುದ್ರ ಅಂತಾನೂ ಹಾಕ್ರಿ ಸ್ವಾಮಿ. ಯಾರಾನಾ ಹುಡುಕ್ಕಂಡು ಬಂದ್ರೆ ಮನೆ ಸಿಗ್ಬೇಕು.”