ಕಟ್ಟೆ ಇರುವುದಿಲ್ಲ

ಮೊನ್ನೆ ಮನೆಯ ಹಕ್ಕಿನ ಕಾಗದ, ಉತಾರ, ಹುಡುಕಲೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ತಂಬಾಕಿನ ವಾಸನೆ. ನಮ್ಮ ಮನೆಯಲ್ಲಿ ತಂಬಾಕು ತಿನ್ನುವವರು ಯಾವ ಕಾಲಕ್ಕೂ ಇರಲಿಲ್ಲ. ಕಾಗದಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಾಗ, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿದ ನಾಲ್ಕು ಹಾಳೆ ಸಿಕ್ಕವು. ಮೇಲಿನ ಹಾಳೆಯ ಮೂಲೆಯಲ್ಲಿ ಸುಣ್ಣದ ಹೆಬ್ಬೆರಳ ಗುರುತು. ನಲವತ್ತು ವರ್ಷದ ಮೇಲೂ ವಾಸನೆ ಉಳಿಯುತ್ತದೋ ಇಲ್ಲವೋ ಬಲ್ಲವರು ಹೇಳಬೇಕು, ನನಗೆ ಬಂದದ್ದಂತೂ ನಿಜ. ಅಕ್ಷರ ಓದುವ ಮೊದಲೇ ಅದು ಯಾರ ಕೈಯದೆಂದು ಗೊತ್ತಾಯಿತು. ಎದುರು ಮನೆಯ ಕಾಕಾ ನಮಗಾಗಿ ಬರೆದ ಅರ್ಜಿಯ ಕರಡು ಅದು.

ನಾನು ಹಿರೇಕೆರೂರಿನ ಕಡೆಯಿಂದ ಸವಣೂರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ಒಂದು ಪಡಸಾಲೆ, ಒಂದು ಅಡುಗೆ ಮನೆ, ಬಚ್ಚಲು, ಹಿಂದೆ ಹಿತ್ತಲು. ಅಷ್ಟರಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ನಾವಿಬ್ಬರು. ಪಡಸಾಲೆಯ ಒಂದು ಮೂಲೆಗೆ ಹಗ್ಗ ಕಟ್ಟಿ ಅತ್ತೆಯವರ ಹಳೆಯ ಇಳಕಲ್ ಸೀರೆ ಇಳಿಬಿಟ್ಟಿದ್ದರು. ಅದೇ ನಮ್ಮ ಮನೆ. ಆಚೆ ಮಾವನವರು ಕೆಮ್ಮಿದರೆ ಈಚೆ ಸೀರೆ ಅಲುಗುತ್ತಿತ್ತು. ಇವರು ಶಾಲೆಯಲ್ಲಿ ಮಾಸ್ತರು, ಇಡೀ ತರಗತಿಗೆ ಕೇಳುವಂತೆ ಪಾಠ ಹೇಳುವವರು. ಮನೆಗೆ ಬಂದರೆ ನನ್ನ ಜೊತೆ ಕಣ್ಸನ್ನೆಯಲ್ಲೇ ಸಂಸಾರ. ಮದುವೆಯಾಗಿ ಮೂರು ವರ್ಷವಾದರೂ ಗಂಡನ ಜೊತೆ ಬಾಯ್ತುಂಬ ಒಂದು ಮಾತಾಡಿದ ನೆನಪಿಲ್ಲ. ನನಗೆ ಬಂಗಾರ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಹಿತ್ತಲಲ್ಲಿ ಒಂದು ಖೋಲಿ ಬೇಕಿತ್ತು, ಅದಕ್ಕೆ ಒಳಗಿನಿಂದ ಚಿಲಕ ಹಾಕುವ ಬಾಗಿಲು ಬೇಕಿತ್ತು.

ಆ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಕಾಕಾನ ಜೊತೆ ಮಾತ್ರ. ಅದೂ ಕಿಟಕಿಯಲ್ಲಿ. ಹಾನಗಲ್ಲು, ಶಿಗ್ಗಾಂವಿ, ಕೊನೆಗೆ ನಮ್ಮ ಹಿರೇಕೆರೂರು ಅಂತ ಸುತ್ತಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಅಕ್ಕಿಆಲೂರಿನಲ್ಲಿದ್ದಳು. ಅವರ ಸ್ವಂತ ಮನೆಯ ಮುಂದಿನ ಕಟ್ಟೆ ಗಟಾರ ತೋಡಿದಾಗಲೇ ಹೋಗಿತ್ತು, ಬಾಗಿಲು ತೆರೆದರೆ ಕಾಲು ನೇರ ಗಟಾರದ ಅಂಚಿಗೆ. ಹಾಗಾಗಿ ನಾನು ಬರುವ ಎಷ್ಟೋ ವರ್ಷ ಮೊದಲಿನಿಂದಲೂ ಅವರ ಸಂಜೆ ನಮ್ಮ ಕಟ್ಟೆಯ ಮೇಲೆ. ನಾಲ್ಕು ಗಂಟೆಗೆ ಬರುವುದು, ಹೆಗಲ ಮೇಲಿನ ವಸ್ತ್ರದಿಂದ ಬಾಗಿಲ ಎಡಗಡೆಯ ಅದೇ ಪರಸಿಗಲ್ಲನ್ನು ಝಾಡಿಸುವುದು, ಕೂತು ಎಲೆ ತಂಬಾಕಿನ ಚಂಚಿ ಬಿಚ್ಚುವುದು, ಸುಣ್ಣ ಹಚ್ಚಿ ಉಳಿದದ್ದನ್ನು ಕಟ್ಟೆಯ ಅಂಚಿನ ಕೆಳಗೆ ಒರೆಸುವುದು. ಒಳಗೆ ಬರ್ರಿ ಅಂದರೆ ಬರುತ್ತಿರಲಿಲ್ಲ. ಹಬ್ಬದ ಹೋಳಿಗೆಯನ್ನೂ ಅಲ್ಲೇ ಕೂತು ತಿಂದವರು.

ಕಿಟಕಿಯ ಒಳಗೆ ನಾನು ಅಕ್ಕಿ ಆರಿಸುತ್ತ ಕೂಡುತ್ತಿದ್ದೆ, ಹೊರಗೆ ಅವರು. “ನಿಮ್ಮ ಕಡೆ ಮಳಿ ಆತೇನು ತಂಗಿ?” ಎಂದು ಕೇಳುವರು. ನನ್ನ ತವರಿನ ಮಳೆಯ ಚಿಂತೆ ಸವಣೂರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅವರು ನಮ್ಮೂರ ಕಚೇರಿಯ ಮುಂದಿನ ಬೇವಿನ ಗಿಡದ ಸುದ್ದಿ ಹೇಳುವರು, ನಾನು ನಮ್ಮವ್ವನ ಸುದ್ದಿ ಹೇಳುವೆ. ಗೋಡೆ ನಡುವೆ ಇದ್ದದ್ದರಿಂದ ಅತ್ತೆಯವರದೂ ಏನೂ ತಕರಾರಿರಲಿಲ್ಲ.

ಓಣಿಯವರ ಅರ್ಜಿಗಳನ್ನೆಲ್ಲ ಬರೆಯುತ್ತಿದ್ದವರು ಕಾಕಾನೇ. ಯಾರಾದರೂ ಮನೆಗೆ ಒಂದು ಗೋಡೆ ಕೂಡಿಸಬೇಕಾದರೂ, ಮಾಳಿಗೆಯ ಮೇಲೆ ತಗಡು ಹಾಕಬೇಕಾದರೂ ಕಚೇರಿಯ ಪರವಾನಗಿ ಬೇಕು. ಪರವಾನಗಿಗೆ ಅರ್ಜಿ, ಅರ್ಜಿಯ ಜೊತೆ ಇಡೀ ಮನೆಯ ನಕಾಶೆ. ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಒಂದು ತಾಸಿನಲ್ಲಿ ಎರಡನ್ನೂ ಮುಗಿಸುತ್ತಿದ್ದರು. ನಮ್ಮ ಓಣಿಯ ಮನೆಗಳ ಹದ್ದು, ಅಂದರೆ ಎಲ್ಲೆ, ಗೋಡೆಗೆ ಮುಗಿಯುತ್ತದಂತೆ, ಮುಂದಿನ ಕಟ್ಟೆಗಳೆಲ್ಲ ರಸ್ತೆಯ ಜಾಗದಲ್ಲಿವೆಯಂತೆ. ಆದ್ದರಿಂದ ಎಲ್ಲರ ಅರ್ಜಿಯ ಕೊನೆಗೂ ಒಂದೇ ಸಾಲು: “ಮನೆಯ ಮುಂದೆ ರಸ್ತೆಯ ಮೇಲೆ ಕಟ್ಟೆ ಇರುವುದಿಲ್ಲ.” ಇದನ್ನು ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದರಲ್ಲ, ನನಗೆ ನಗು ತಡೆಯುತ್ತಿರಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ.

“ಕಾಗದದಾಗ ಇಲ್ಲ ತಂಗಿ, ಓಣ್ಯಾಗ ಐತಿ. ಎರಡೂ ಖರೇನ” ಅಂದರು.

ನನಗೆ ತಿಳಿಯಲಿಲ್ಲ. ತಿಳಿದವಳ ಹಾಗೆ ತಲೆಯಾಡಿಸಿದೆ.

ಕೊನೆಗೂ ನಮ್ಮ ಖೋಲಿಯ ಮಾತು ಎದ್ದಿತು. ನಾನು ಬಸುರಿಯಾಗಿದ್ದೆ, ಸೀರೆಯ ಹಿಂದೆ ಇನ್ನೊಂದು ಜೀವಕ್ಕೆ ಜಾಗವಿರಲಿಲ್ಲ. ಕಾಕಾ ಟೇಪು ಹಿಡಿದು ಹಿತ್ತಲು ಅಳೆದರು. ಬಾಜೂ ಮನೆಯ ಗೋಡೆಯಿಂದ ಮೂರು ಅಡಿ ಬಿಡಬೇಕು, ಆ ಕಡೆ ಕಿಟಕಿ ಇಡಬಾರದು, ಈ ಕಡೆ ಇಟ್ಟರೆ ನಡೆಯುತ್ತದೆ ಅಂತೆಲ್ಲ ಹೇಳಿದರು. ನಮ್ಮ ಹಿತ್ತಲಲ್ಲಿ ನಾವು ಕಟ್ಟುವುದಕ್ಕೆ ಇಷ್ಟೆಲ್ಲ ಯಾಕೆ ಅನ್ನುವುದೇ ನನಗೆ ಬಗೆಹರಿಯಲಿಲ್ಲ. ಮೂರು ಅಡಿ ಬಿಟ್ಟರೆ ಅದರಲ್ಲಿ ಏನು ಮಾಡುವುದು, ತುಳಸಿ ಹಚ್ಚಬಹುದೇ ಅಂತ ಕೇಳಿದೆ. “ಗಾಳಿಗೆ ಬಿಡೋದವ್ವ ಅದು” ಅಂದರು.

ಎಲ್ಲರದೂ ತಾಸಿನಲ್ಲಿ ಮುಗಿದರೆ ನಮ್ಮ ಅರ್ಜಿ ಮೂರು ದಿನ ಹಿಡಿಯಿತು. ದಿನಾ ಸಂಜೆ ಕಿಟಕಿಯಿಂದ ಕೇಳುತ್ತಿದ್ದೆ, ಆತೇನ್ರಿ ಕಾಕಾ ಅಂತ. “ಇನ್ನೂ ಕರಡು ಐತಿ” ಅನ್ನುವರು. ನಾಲ್ಕನೆಯ ದಿನ ಶುದ್ಧ ಪ್ರತಿಯನ್ನೂ, ಮನೆಯಲ್ಲಿ ಇಟ್ಟುಕೊಳ್ಳಲು ಕರಡನ್ನೂ ಕೊಟ್ಟರು. ಊರ ಮಕ್ಕಳ ಕಾಗುಣಿತ ತಿದ್ದುವ ಇವರು ತಮ್ಮ ಅರ್ಜಿಯನ್ನು ಓದಲಿಲ್ಲ. ಕಾಕಾ ಬರೆದದ್ದನ್ನು ಓದುವುದೇನಿದೆ ಅಂತ ಕೆಳಗೆ ಸಹಿ ಹಾಕಿ ಕಚೇರಿಗೆ ಕೊಟ್ಟು ಬಂದರು.

ಕೆಲವು ದಿನಗಳ ಮೇಲೆ ಕಚೇರಿಯ ಸಾಹೇಬರು ಜಾಗ ನೋಡಲು ಬಂದರು. ಹಿತ್ತಲು ಅಳೆದು, ಎಲ್ಲ ಸರಿ ಇದೆ ಅಂದರು. ನಾನು ಚಹಾಕ್ಕೆ ಇಟ್ಟೆ. ಮುಂದೆ ಬಂದು ಬಾಗಿಲಲ್ಲಿ ನಿಂತು ಅರ್ಜಿ ತಿರುವಿದವರು ಹುಬ್ಬು ಗಂಟಿಕ್ಕಿದರು. “ಇದನ್ನ ಯಾರ ಬರದಾರ್ರಿ?” ಎಂದು ಕೇಳಿದರು. ಅರ್ಜಿಯ ಕೊನೆಯ ಸಾಲು, ಮನೆಯ ಮುಂದೆ ರಸ್ತೆಯ ಮೇಲೆ ಎರಡೂವರೆ ಅಡಿ ಅಗಲದ ಕಟ್ಟೆ ಇದೆ ಅಂತ ಇತ್ತು. ನಕಾಶೆಯಲ್ಲೂ ಕಟ್ಟೆಯನ್ನು ಚೊಕ್ಕಾಗಿ ಗೆರೆ ಎಳೆದು ತೋರಿಸಲಾಗಿತ್ತು. ಪಾಪ, ಸಾಹೇಬರಿಗೂ ಗೊಂದಲ. ಹೀಗೆ ತಾವಾಗಿ ಬರೆದುಕೊಟ್ಟವರನ್ನು ಅವರು ಕಂಡಿರಲಿಲ್ಲ. ಬರೆದ ಮೇಲೆ ಕಂಡೂ ಕಾಣದ ಹಾಗೆ ಹೋಗುವಂತಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ಎದ್ದು ನಿಂತರು. “ನಾನ ಬರದೇನಿ. ಅಳೀರಿ ಸಾಹೇಬ್ರ” ಅಂದು ಚಂಚಿ ಎತ್ತಿಕೊಂಡು ಜಾಗ ಬಿಟ್ಟರು.

ಸಾಹೇಬರು ಹೇಳಿ ಹೋದದ್ದು ಇಷ್ಟು. ಕಟ್ಟೆ ತೆಗೆದರೆ ಖೋಲಿಗೆ ಪರವಾನಗಿ. ಬೇಡವೆಂದರೆ ಅರ್ಜಿ ವಾಪಸು ತಗೊಳ್ಳಿ, ಕಟ್ಟೆ ಓಣಿಯ ಉಳಿದ ಕಟ್ಟೆಗಳ ಹಾಗೆ ಇರುತ್ತದೆ. ಹಿಂದೆ ಕಟ್ಟುವುದಕ್ಕೆ ಮುಂದೆ ಒಡೆಯುವುದು ಯಾವ ನ್ಯಾಯ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

ಮನೆಯಲ್ಲಿ ತಲೆಗೊಂದು ಮಾತು. ಇವರು, ಕಾಕಾನಿಗೆ ವಯಸ್ಸಾಯಿತು, ಮರೆತು ಬರೆದಿದ್ದಾರೆ ಅಂದರು. ಅತ್ತೆಯವರು ಬಿಲ್‌ಕುಲ್ ಒಪ್ಪಲಿಲ್ಲ. “ತನ್ನ ಕಟ್ಟಿ ಹೋತಲ್ಲ, ನಮ್ಮದೂ ಹೋಗ್ಲಿ ಅಂತ ಮಾಡ್ಯಾನ. ಇಷ್ಟ ವರ್ಷ ಚಹಾ ಕುಡಿಸಿದ್ದಕ್ಕ ಚಲೋ ಮಾಡಿದ” ಅಂದರು. ಮಾವನವರು, ಅರ್ಜಿ ವಾಪಸು ತಂದುಬಿಡು ಎಂದು ಇವರಿಗೆ ಹೇಳಿದರು. ಇವರು ತಲೆ ತಗ್ಗಿಸಿ ಹೂಂ ಅಂದರು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

“ನನಗ ಖೋಲಿ ಬೇಕ್ರಿ.”

ಆ ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ. ಮಾವನವರ ಕೆಮ್ಮು ಕೂಡ ನಿಂತಿತು. ಮರುದಿನ ಇವರು ಗೌಂಡಿಗೆ ಹೇಳಿಬಂದರು.

ಅಂದು ಸಂಜೆ ಕಿಟಕಿಯ ಹತ್ತಿರ ಕೂತು ಕಾಕಾನನ್ನು ಕೇಳಿದೆ. “ಕಾಕಾ, ಮರತ ಬರದ್ರೇನ್ರಿ?”

“ಇಲ್ಲ ತಂಗಿ.”

“ಮತ್ತ ಯಾಕ ಬರದ್ರಿ?”

ಅವರು ಎಲೆಯ ತೊಟ್ಟು ಮುರಿದರು, ನಾರು ತೆಗೆದರು, ಸುಣ್ಣ ಹಚ್ಚಿದರು. ಇಷ್ಟು ಸಾವಕಾಶ ಅವರು ಎಂದೂ ಎಲೆ ಮಡಿಚಿರಲಿಲ್ಲ. “ಖೋಲಿ ಆಗ್ತೈತಿ ಬಿಡು. ನಿನಗ ಬೇಕಾಗಿದ್ದು ಖೋಲಿ ಹೌದಿಲ್ಲೊ?” ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಸಿಟ್ಟು ಬಂತು, ನಾಚಿಕೆಯೂ ಆಯಿತು. ಎರಡೂ ಯಾರ ಮೇಲೆ ಅಂತ ತಿಳಿಯದೆ ಕಿಟಕಿ ಹಾಕಿಕೊಂಡೆ.

ಕಟ್ಟೆ ಒಡೆದ ದಿನ ಕಾಕಾ ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಗೌಂಡಿ ಮಧ್ಯಾಹ್ನದೊಳಗೆ ಕೆಲಸ ಮುಗಿಸಿದ. ಪರಸಿಗಲ್ಲುಗಳನ್ನು ಹಿತ್ತಲಿಗೆ ಸಾಗಿಸಿದರು, ಖೋಲಿಗೆ ಹಾಸಲು ಅವೇ ಸಾಕಾಗುತ್ತವೆ ಅಂತ. ಒಂದರ ಅಂಚಿನ ಕೆಳಗೆ ಬೆರಳಿನಷ್ಟು ದಪ್ಪ ಸುಣ್ಣ ಕಟ್ಟಿತ್ತು.

ಎರಡು ದಿನ ಬಿಟ್ಟು ಕಾಕಾ ಬಂದರು. ನಾನು ಬಾಗಿಲಲ್ಲೇ ಇದ್ದೆ. ಬಸ್ಸಿಳಿದವರು ಕೈಚೀಲದ ಸಮೇತ ಓಣಿಯಲ್ಲಿ ಬಂದು, ತಮ್ಮ ಮನೆಯ ಕಡೆ ಹೋಗದೆ, ರೂಢಿಯಂತೆ ನಮ್ಮ ಬಾಗಿಲ ಎಡಗಡೆಗೆ ತಿರುಗಿದರು. ಹೆಗಲ ವಸ್ತ್ರ ತೆಗೆದರು. ಝಾಡಿಸಲು ಕೈ ಎತ್ತಿ, ಮೊಣಕಾಲು ಬಾಗಿಸಿ, ಅರ್ಧ ಕೂತವರು ಹಾಗೇ ನಿಂತುಬಿಟ್ಟರು... ಕೆಳಗೆ ಬರೀ ಮಣ್ಣು. ಕಟ್ಟೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು, ಅವರ ಮೈಗೆ ಮಾತ್ರ ಗೊತ್ತಿರಲಿಲ್ಲ. ನಾನು ಓಡಿ ಒಳಗಿನಿಂದ ಕುರ್ಚಿ ತಂದು ಹಾಕಿದೆ.

“ಕುರ್ಚಿ ಬ್ಯಾಡವ್ವ. ಕುರ್ಚ್ಯಾಗ ಕುಂತ್ರ ನಾ ನಿಮ್ಮ ಮನಿಗೆ ಬಂದಂಗ ಆಗ್ತೈತಿ.”

ಇಷ್ಟು ವರ್ಷ ಅವರು ನಮ್ಮ ಮನೆಗೆ ಬರುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ. ಅವರ ಲೆಕ್ಕದಲ್ಲಿ ಅವರು ಎಂದೂ ಬಂದಿರಲಿಲ್ಲ.

ಆಮೇಲೆ ಕೆಲವು ಸಂಜೆ ಬಂದು ಕಿಟಕಿಯ ಹತ್ತಿರ ನಿಂತಿದ್ದು ಹೋದರು. ನಿಂತವರ ಜೊತೆ ಎಷ್ಟು ಹೊತ್ತು ಮಾತು? ಕಾಲು ನೋಯುತ್ತವೆಂದು ತಾವೇ ಅನ್ನುವರು. ಓಣಿಯಲ್ಲಿ ಬೇರೆ ಕಟ್ಟೆಗಳಿದ್ದವು, ಅಲ್ಲಿ ಹೋಗಿ ಕೂತದ್ದನ್ನು ನಾನು ನೋಡಲಿಲ್ಲ. ನಾನು ಹೆರಿಗೆಗೆ ತವರಿಗೆ ಹೋಗಿ, ಮಗಳನ್ನು ಎತ್ತಿಕೊಂಡು ತಿರುಗಿ ಬರುವಷ್ಟರಲ್ಲಿ ನನ್ನ ಖೋಲಿ ಸಿದ್ಧವಿತ್ತು, ಹಿತ್ತಾಳೆಯ ಚಿಲಕವೂ ಇತ್ತು. ಎದುರು ಮನೆಗೆ ಬೀಗ. ಮಗಳು ಬಂದು ಕರೆದುಕೊಂಡು ಹೋದಳಂತೆ. ಖೋಲಿಯ ಚಿಲಕ ಹಾಕಿಕೊಂಡು ಇವರ ಜೊತೆ ಬಾಯ್ತುಂಬ ಮಾತಾಡುವ ಆಸೆಯಿತ್ತಲ್ಲ, ಮೊದಲ ದಿನ ಏನು ಮಾತಾಡಬೇಕೋ ತಿಳಿಯದೆ ಇಬ್ಬರೂ ಸುಮ್ಮನೆ ಕೂತಿದ್ದೆವು.

ಒಮ್ಮೆ ಹಾನಗಲ್ಲಿಗೆ ಮದುವೆಗೆ ಹೋಗುವಾಗ ಬಸ್ಸು ಅಕ್ಕಿಆಲೂರಿನಲ್ಲಿ ನಿಂತಿತ್ತು. ಇಳಿದು ಮನೆ ಕೇಳಿಕೊಂಡು ಹೋಗಿದ್ದರೆ ಸಿಗುತ್ತಿದ್ದರು. ಏನಂತ ಮಾತಾಡಿಸುವುದು ಎಂದು ಯೋಚಿಸುತ್ತಿದ್ದಂತೆ ಬಸ್ಸು ಬಿಟ್ಟಿತು. ಮುಂದೆ ವರ್ಷದೊಳಗೆ ತೀರಿಕೊಂಡ ಸುದ್ದಿ ಬಂತು. ಇಳಿಯಬೇಕಿತ್ತು. ಆ ಮಾತನ್ನು ನಾನು ಇವರ ಹತ್ತಿರವೂ ಹೇಳಿಲ್ಲ.

ಈಗ ಟ್ರಂಕಿನಲ್ಲಿ ಸಿಕ್ಕ ಕರಡನ್ನು ಕನ್ನಡಕ ಹಾಕಿಕೊಂಡು ಓದಿದೆ. ಮೂರು ಹಾಳೆ ಒಂದು ಚಿತ್ತಿಲ್ಲದೆ ಬಂದಿದೆ. ಕೊನೆಯ ಹಾಳೆಯಲ್ಲಿ, ಎಲ್ಲರಿಗೂ ಕಣ್ಣು ಮುಚ್ಚಿ ಬರೆದುಕೊಟ್ಟ ಆ ಸಾಲು: “ಮನೆಯ ಮುಂದೆ ರಸ್ತೆಯ ಮೇಲೆ ಕಟ್ಟೆ ಇರುವುದಿಲ್ಲ.” ಹೊಡೆದು ಹಾಕಿದ್ದಾರೆ. ಕೆಳಗೆ ಮತ್ತೆ ಅದೇ ಸಾಲು, ಮತ್ತೆ ಹೊಡೆದಿದ್ದಾರೆ. ಮೂರನೆಯ ಸಲ “ಕಟ್ಟೆ ಇರು” ಎಂಬಲ್ಲಿಗೆ ಪೆನ್ನು ನಿಂತಿದೆ. ಅದನ್ನೂ ಹೊಡೆದು, ಹೊಸ ಸಾಲಿನಲ್ಲಿ ಎರಡೂವರೆ ಅಡಿ ಅಗಲದ ಕಟ್ಟೆ ಇದೆ ಎಂದು ಬರೆದಿದ್ದಾರೆ.

ಎಷ್ಟೋ ಮನೆಗಳ ಕಟ್ಟೆಯನ್ನು ಇಲ್ಲವೆಂದು ಬರೆದ ಕೈಗೆ, ತಾನು ದಿನಾ ಕೂಡುವ ಒಂದನ್ನು ಇಲ್ಲವೆನ್ನಲು ಆಗಲಿಲ್ಲವೇನೋ. ಅಥವಾ ನನ್ನ ಖೋಲಿಯ ಕಾಗದದಲ್ಲಿ ನಾಳೆ ಯಾರೂ ಬೆರಳಿಟ್ಟು ತೋರಿಸುವ ಸುಳ್ಳು ಇರಬಾರದು ಅಂತಲೋ. ಒಂದು ಹೊತ್ತು ಹೀಗನ್ನಿಸುತ್ತದೆ, ಇನ್ನೊಂದು ಹೊತ್ತು ಹಾಗೆ. ಅತ್ತೆಯವರು ಅಂದದ್ದಂತೂ ಅಲ್ಲ, ಅಷ್ಟು ಗೊತ್ತಾಯಿತು. ಅದು ಗೊತ್ತಾಗಲು ನಾನು ಮುದುಕಿಯಾಗಬೇಕಾಯಿತು, ಹೇಳೋಣವೆಂದರೆ ಕಾಕಾ ಇಲ್ಲ.

ಉತಾರ ಹುಡುಕಿದ್ದು ಅದೇ ಖೋಲಿಗಾಗಿ. ನನ್ನ ಮೊಣಕಾಲು ಸೋತಿವೆ, ಖೋಲಿಗೆ ತಾಗಿಸಿ ಒಂದು ಸಣ್ಣ ಬಚ್ಚಲು ಕೂಡಿಸಬೇಕು, ಅದಕ್ಕೆ ಮತ್ತೆ ಪರವಾನಗಿ. ಈಗಿನ ಅರ್ಜಿ ಅಚ್ಚು ಹಾಕಿದ್ದು, ಖಾಲಿ ಬಿಟ್ಟಲ್ಲಿ ತುಂಬಿದರೆ ಮುಗಿಯಿತು. ಮೂರನೆಯ ಪುಟದಲ್ಲಿ, ಮನೆಯ ಮುಂದೆ ರಸ್ತೆಯ ಮೇಲೆ ಕಟ್ಟೆ, ಮೆಟ್ಟಿಲು ಇದ್ದರೆ ವಿವರ ಬರೆಯಿರಿ ಎಂದಿದೆ. ಇಲ್ಲ ಎಂದು ಬರೆದರಾಯಿತು. ಈಗ ಅದು ಕಾಗದದಲ್ಲೂ ನಿಜ, ಓಣಿಯಲ್ಲೂ ನಿಜ. ಪೆನ್ನು ಹಿಡಿದು ಖೋಲಿಯಲ್ಲಿ ಕೂತೆ. ಕಾಲ ಕೆಳಗೆ ಅದೇ ಪರಸಿಗಲ್ಲುಗಳು ತಣ್ಣಗಿದ್ದವು. ಯಾಕೋ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಪಡಸಾಲೆಯಿಂದ ಇವರು ಕೂಗಿ ಕೇಳಿದರು, “ಮುಗೀತೇನು ಬರಿಯೋದು?”

“ಇನ್ನೂ ಕರಡು ಐತ್ರಿ” ಅಂದೆ.